ಎಪಿಗೆ ಎರಡು ಕೇಬಲ್ ಎಳೆದರೂ ಲ್ಯಾಗ್ ಕೂಡುತ್ತಿಲ್ಲವೇ? ಹೀಗೆ ಒಂದೊಂದಾಗಿ ನೋಡಿ

ವೈಫೈ ಹರಡುವ ವೈರ್‌ಲೆಸ್ ಆಕ್ಸೆಸ್ ಪಾಯಿಂಟ್ (ಎಪಿ) ಮತ್ತು ಅದರ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ನಡುವಿನ ಲಿಂಕ್ ಅಗ್ರಿಗೇಶನ್ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಪೋರ್ಟ್-ಚಾನೆಲ್ ಮಾಡಿದ ಕೂಡಲೇ ಎಪಿ, ಎಲ್ಲ ಎಪಿಗಳನ್ನು ನಡೆಸುವ ಕಂಟ್ರೋಲರ್‌ನಿಂದ ಕಾಣೆಯಾಯಿತು, ಏಕೆ? ಎರಡೂ ಕೇಬಲ್ ಹಸಿರಾಗಿವೆ, ಟ್ರಾಫಿಕ್ ಮಾತ್ರ ಒಂದರಲ್ಲೇ ಹೋಗುತ್ತಿದೆ, ಏಕೆ? ಎರಡನೇ ಕೇಬಲ್ ಚುಚ್ಚಿದೊಡನೆ ಇಡೀ ಮಹಡಿಯ ನೆಟ್‌ವರ್ಕ್ ನಿಂತುಹೋಯಿತು, ಏಕೆ?

ಮೂರಕ್ಕೂ ಉತ್ತರ ಇಲ್ಲಿದೆ. ಆದರೆ ಹಂತಗಳನ್ನು ಹಾರಿಸಬೇಡಿ. ಮೂರನೇ ಹಂತದಲ್ಲಿ ಸಿಗಬೇಕಾದ ತಪ್ಪನ್ನು ಏಳನೆಯದರಲ್ಲಿ ಹುಡುಕುತ್ತಾ ದಿನ ಕಳೆಯುವವರೇ ಹೆಚ್ಚು.

ಮೊದಲು ಪದಗಳು. ಎರಡು ಅಥವಾ ಹೆಚ್ಚು ಕೇಬಲ್‌ಗಳನ್ನು ಸೇರಿಸಿ ಒಂದೇ ಲಿಂಕ್ ಎಂಬಂತೆ ನಡೆಸಿಕೊಳ್ಳುವುದು ಲಿಂಕ್ ಅಗ್ರಿಗೇಶನ್, ಚಿಕ್ಕದಾಗಿ ಲ್ಯಾಗ್. ನೆಟ್‌ವರ್ಕ್ ಸಾಧನ ತಯಾರಕರಾದ ಸಿಸ್ಕೊದವರು ಇದನ್ನು ಈಥರ್‌ಚಾನೆಲ್ ಎನ್ನುತ್ತಾರೆ. ಹೀಗೆ ಸೇರಿಸಿದಾಗ ಸ್ವಿಚ್‌ನಲ್ಲಿ ಹುಟ್ಟುವ ತಾರ್ಕಿಕ ಪೋರ್ಟ್‌ಗೆ ಪೋರ್ಟ್-ಚಾನೆಲ್ ಎಂದು ಹೆಸರು. "ನೀನೂ ಸೇರಿಸಿಕೊಳ್ಳಲು ತಯಾರಿದ್ದೀಯಾ?" ಎಂದು ಎರಡು ತುದಿಗಳು ಪರಸ್ಪರ ವಿಚಾರಿಸಿಕೊಳ್ಳುವ ಪ್ರೋಟೊಕಾಲ್ ಎಲ್‌ಎಸಿಪಿ. ಇದು 2000ನೇ ಇಸವಿಯಲ್ಲಿ ಐಇಇಇ 802.3ಎಡಿ ಎಂಬ ಹೆಸರಿನಲ್ಲಿ ಬಂತು, 2008ರಲ್ಲಿ 802.1ಎಎಕ್ಸ್‌ಗೆ ವರ್ಗವಾಯಿತು. ಒಂದು ಕಡೆಯ ಪರದೆಯಲ್ಲಿ ಹಳೆಯ ಹೆಸರು, ಇನ್ನೊಂದು ಕಡೆ ಹೊಸದು ಕಂಡರೆ ಗಾಬರಿ ಬೇಡ.

ಎರಡು ಸ್ವಿಚ್‌ಗಳ ನಡುವೆ ನೂರಾರು ಸಲ ಲ್ಯಾಗ್ ಮಾಡಿದವರೂ ಎಪಿಯ ಮುಂದೆ ಎಡವುತ್ತಾರೆ. ಸ್ವಿಚ್ ತನ್ನ ಕಾನ್ಫಿಗರೇಶನ್ ತನ್ನಲ್ಲೇ ಇಟ್ಟುಕೊಂಡು ಏಳುತ್ತದೆ. ಎಪಿ ಹಾಗಲ್ಲ. ಅದು ಬೂಟ್ ಆಗುವಾಗ ಐಪಿ ಕೇಳಬೇಕು, ಕಂಟ್ರೋಲರ್ ಹುಡುಕಬೇಕು, ಆಮೇಲೆ ತಾನು ಲ್ಯಾಗ್ ಮಾಡಬೇಕೋ ಬೇಡವೋ ಎಂದು ತಿಳಿದುಕೊಳ್ಳಬೇಕು. ಜೊತೆಗೆ ಅದು ಕರೆಂಟನ್ನೂ ಅದೇ ಕೇಬಲ್‌ನಿಂದ ಪಡೆಯುತ್ತದೆ. ಎಷ್ಟೋ ಕಡೆ ಅದರ ಟ್ರಾಫಿಕ್ ಪೂರ್ತಿ ಕಂಟ್ರೋಲರ್‌ವರೆಗಿನ ಒಂದೇ ಟನೆಲ್‌ನೊಳಗೆ, ಅಂದರೆ ಹೊರಗೆ ಒಂದೇ ವಿಳಾಸ ಕಾಣುವ ಲಕೋಟೆಯೊಳಗೆ, ಹೋಗುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಬಹುಪಾಲು ಈ ವ್ಯತ್ಯಾಸದಿಂದಲೇ ಹುಟ್ಟಿದವು.

ಶುರು ಮಾಡುವ ಮುನ್ನ: ನಿಮಗೆ ಲ್ಯಾಗ್ ಬೇಕೇ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಎಪಿಯಲ್ಲೂ ಸ್ವಿಚ್‌ನಲ್ಲೂ 2.5 ಗಿಗಾಬಿಟ್ ಪೋರ್ಟ್ ಇದ್ದರೆ ಲ್ಯಾಗ್ ಗೊಡವೆಗೇ ಹೋಗಬೇಡಿ. 2016ರಲ್ಲಿ ಬಂದ 802.3ಬಿಝಡ್ ಮಾನದಂಡದ ಪ್ರಕಾರ ಹಳೆಯ ಕ್ಯಾಟ್ 5ಇ ಕೇಬಲ್ ಮೇಲೆಯೇ 100 ಮೀಟರ್ ದೂರಕ್ಕೆ 2.5 ಗಿಗಾಬಿಟ್ ಓಡುತ್ತದೆ. ಒಂದು ಕೇಬಲ್, ಒಂದು ಪೋರ್ಟ್, ತಲೆನೋವಿಲ್ಲ.

ವೇಗದ ಲೆಕ್ಕವನ್ನೂ ನೋಡಿ. ನಾಲ್ಕು ಸ್ಟ್ರೀಮ್‌ನ 802.11ಎಸಿ (ವೈಫೈ 5) ರೇಡಿಯೊ 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ತೋರಿಸುವ ಗರಿಷ್ಠ ದರ 1733 ಎಂಬಿಪಿಎಸ್. ಅದು ಗಾಳಿಯಲ್ಲಿನ ದರ. ಕೈಗೆ ಸಿಗುವುದು ಅದರ ಅರ್ಧವೋ, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲೋ. ಕಚೇರಿ, ಹಾಸ್ಟೆಲ್‌ಗಳಲ್ಲಿ 20 ಅಥವಾ 40 ಮೆಗಾಹರ್ಟ್ಸ್ ಚಾನೆಲ್ ಇಟ್ಟಿರುತ್ತೀರಿ, ಅಲ್ಲಿ ಒಂದು ಗಿಗಾಬಿಟ್ ಕೇಬಲ್ ತುಂಬುವುದೇ ಅಪರೂಪ. ಹಾಗಾಗಿ ಲ್ಯಾಗ್ ಮಾಡಬೇಕಾದ್ದು ಎರಡು ಸಂದರ್ಭದಲ್ಲಿ: ಒಂದು ಕೇಬಲ್ ಕೈಕೊಟ್ಟರೂ ಎಪಿ ನಡೆಯಬೇಕು ಎಂದಿದ್ದಾಗ, ಇಲ್ಲವೇ ಅರುಬಾ 325, ಸಿಸ್ಕೊ 1850, ರಕಸ್ ಆರ್710 ಥರದ ಎರಡು 1 ಗಿಗಾಬಿಟ್ ಪೋರ್ಟ್‌ನ ಎಪಿಗೆ ನಿಜಕ್ಕೂ ದೊಡ್ಡ ಹೊರೆ ಬೀಳುವಾಗ.

ಇನ್ನೂ ಬೇಕು ಎಂದಾದರೆ ಇವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ: ಸ್ವಿಚ್‌ನ ಕಮಾಂಡ್ ಲೈನ್ ಲಾಗಿನ್, ಎಪಿಯ ಕನ್ಸೋಲ್ ಕೇಬಲ್, ಎಪಿಯ ಡೇಟಾಶೀಟ್, ಸಮಯ ಸರಿಯಾಗಿರುವ ಸ್ವಿಚ್ ಲಾಗ್. ಆ ಎಪಿಯ ವೈಫೈ ಮೇಲೆಯೇ ಕುಳಿತು ಈ ಕೆಲಸ ಮಾಡಬೇಡಿ. ಕೊಂಬೆಯ ತುದಿಯಲ್ಲಿ ಕುಳಿತು ಬುಡ ಕಡಿದ ಹಾಗಾಗುತ್ತದೆ.

ಹಂತ 1: ಎರಡನೇ ಕೇಬಲ್ ಕಿತ್ತುಬಿಡಿ

ಒಂದೇ ಕೇಬಲ್‌ನಲ್ಲಿ, ಯಾವ ಪೋರ್ಟ್-ಚಾನೆಲ್ ಇಲ್ಲದೆ, ಎಪಿ ಪೂರ್ತಿ ಆರೋಗ್ಯವಾಗಿದೆಯೇ ನೋಡಿ. ಐಪಿ ಸಿಕ್ಕಿತೇ, ಕಂಟ್ರೋಲರ್‌ಗೆ ಸೇರಿತೇ, ಗ್ರಾಹಕ ಸಾಧನಗಳು ಇಂಟರ್ನೆಟ್ ಕಾಣುತ್ತವೆಯೇ? ಇದೇ ಆಗುತ್ತಿಲ್ಲವಾದರೆ ನಿಮ್ಮ ತೊಂದರೆ ಲ್ಯಾಗ್‌ನದ್ದಲ್ಲ.

ಎಚ್ಚರಿಕೆ: ಎಷ್ಟೋ ಎಪಿಗಳಲ್ಲಿ ಎರಡನೇ ಪೋರ್ಟ್ ಪ್ರಿಂಟರ್, ಕ್ಯಾಮೆರಾ ಜೋಡಿಸಲೆಂದು ಕೊಟ್ಟ ಬ್ರಿಜ್ ಪೋರ್ಟ್, ಅಂದರೆ ಮೊದಲ ಪೋರ್ಟ್‌ಗೆ ಒಳಗೊಳಗೇ ಜೋಡಿಸಿದ ಪೋರ್ಟ್ ಆಗಿರುತ್ತದೆ. ಎಲ್‌ಎಸಿಪಿ ಆನ್ ಆಗುವ ಮೊದಲೇ ಆ ಎರಡೂ ಪೋರ್ಟ್‌ಗಳನ್ನು ಒಂದೇ ಸ್ವಿಚ್‌ಗೆ ಚುಚ್ಚಿದರೆ ಲೂಪ್ ಆಗುತ್ತದೆ, ಅಂದರೆ ಅವೇ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ. ಮಹಡಿಯ ನೆಟ್‌ವರ್ಕ್ ನಿಲ್ಲುವುದು ಇದರಿಂದಲೇ. ಲಾಗ್‌ನಲ್ಲಿ ಒಂದೇ ಮ್ಯಾಕ್ ವಿಳಾಸ (ಸಾಧನದ ಯಂತ್ರಾಂಶ ವಿಳಾಸ) ಎರಡು ಪೋರ್ಟ್‌ಗಳ ನಡುವೆ ಓಡಾಡುತ್ತಿದೆ ಎಂಬ ಮ್ಯಾಕ್‌ಫ್ಲ್ಯಾಪ್ ಸಂದೇಶ ಸುರಿಯುತ್ತದೆ.

ಸ್ವಿಚ್ ಪೋರ್ಟ್‌ನಲ್ಲಿ ಬಿಪಿಡಿಯು ಗಾರ್ಡ್ ಇದ್ದರೆ, ತಾನು ಕಳಿಸಿದ, ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಪ್ಯಾಕೆಟ್ (ಬಿಪಿಡಿಯು) ತನಗೇ ವಾಪಸ್ ಬಂದದ್ದನ್ನು ಕಂಡು ಪೋರ್ಟ್ ಎರರ್-ಡಿಸೇಬಲ್ ಆಗಿ ಮುಚ್ಚಿಕೊಳ್ಳುತ್ತದೆ. ಆಗ "ಎಪಿಗೇಕೆ ಬಿಪಿಡಿಯು ಗಾರ್ಡ್" ಎಂದು ಅದನ್ನು ತೆಗೆದುಹಾಕುವವರಿದ್ದಾರೆ. ದಯವಿಟ್ಟು ತೆಗೆಯಬೇಡಿ. ಎಪಿ ತನ್ನ ಎರಡು ಪೋರ್ಟ್‌ಗಳನ್ನು ಬ್ರಿಜ್ ಮಾಡುತ್ತಿದೆ, ಲ್ಯಾಗ್ ಇನ್ನೂ ಆಗಿಲ್ಲ ಎಂದು ಅದು ನಿಮಗೆ ಪುಕ್ಕಟೆಯಾಗಿ ಹೇಳಿಕೊಟ್ಟಿದೆ.

ಹಂತ 2: ಎರಡೂ ಕೇಬಲ್‌ನ ವೇಗ ಒಂದೇ ಇದೆಯೇ?

ಲ್ಯಾಗ್‌ನ ಸದಸ್ಯ ಪೋರ್ಟ್‌ಗಳೆಲ್ಲ ಒಂದೇ ವೇಗದಲ್ಲಿ, ಫುಲ್ ಡುಪ್ಲೆಕ್ಸ್‌ನಲ್ಲಿ (ಏಕಕಾಲಕ್ಕೆ ಎರಡೂ ದಿಕ್ಕಿಗೆ) ಇರಬೇಕು. ಎರಡನೇ ಕೇಬಲ್ ಮಾತ್ರ ಹಾಕಿ, ಅದರ ವೇಗವನ್ನು ಬೇರೆಯಾಗಿ ನೋಡಿ. ಒಂದು 1000, ಇನ್ನೊಂದು 100 ಎಂದು ಕಂಡರೆ ಆ ಕೇಬಲ್‌ನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಜೋಡಿ ತುಂಡಾಗಿದೆ ಅಥವಾ ಕ್ರಿಂಪಿಂಗ್ ಸರಿಯಿಲ್ಲ ಎಂದೇ ಹೆಚ್ಚಿನ ಪಾಲು ಅರ್ಥ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಅಗ್ಗವೆಂದು ತಂದ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಕೇಬಲ್ ಆಗಿದ್ದರೆ ಅದನ್ನು ಬದಲಿಸಿಯೇ ಮುಂದೆ ಹೋಗಿ. ಅಲ್ಯೂಮಿನಿಯಂನ ಪ್ರತಿರೋಧ ಹೆಚ್ಚು, ಕೇಬಲ್‌ನಲ್ಲೇ ಹೋಗುವ ವಿದ್ಯುತ್ತಿನ (ಪಿಒಇ) ಹೊರೆಗೆ ಅದು ಬಿಸಿಯಾಗುತ್ತದೆ.

ಡೇಟಾಶೀಟ್ ಕೇಳಿದ್ದು ಇದಕ್ಕೇ: ಅರುಬಾ 335, ಸಿಸ್ಕೊ 3800 ಥರದ ಎಪಿಗಳಲ್ಲಿ ಒಂದು ಪೋರ್ಟ್ ಮಲ್ಟಿಗಿಗಾಬಿಟ್ (2.5 ಗಿಗಾಬಿಟ್ ಅಥವಾ ಹೆಚ್ಚು), ಇನ್ನೊಂದು ಸಾದಾ 1 ಗಿಗಾಬಿಟ್. ಲ್ಯಾಗ್ ಮಾಡಬೇಕಾದರೆ ದೊಡ್ಡದನ್ನು 1 ಗಿಗಾಬಿಟ್‌ಗೆ ಇಳಿಸಬೇಕು. ಸಿಗುವುದು ಒಟ್ಟು 2, ಬಿಟ್ಟುಕೊಟ್ಟದ್ದು 2.5 ಅಥವಾ ಹೆಚ್ಚು. ಈ ವ್ಯಾಪಾರ ಏಕೆ ಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹಂತ 3: ಕರೆಂಟ್ ಸಾಲುತ್ತಿದೆಯೇ?

ಪಿಒಇ ಎಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವುದು. 802.3ಎಎಫ್ ಸ್ವಿಚ್ 15.4 ವ್ಯಾಟ್ ಕೊಡುತ್ತದೆ, ಎಪಿಗೆ ಖಾತ್ರಿಯಾಗಿ ಸಿಗುವುದು 12.95. 802.3ಎಟಿಯಲ್ಲಿ 30 ಕೊಟ್ಟರೆ 25.5 ತಲುಪುತ್ತದೆ. ಕೊರತೆಯಾದಾಗ ಎಪಿ ಸತ್ತುಹೋಗುವುದಿಲ್ಲ, ಒಂದೊಂದೇ ಭಾಗ ಆರಿಸುತ್ತಾ ಬರುತ್ತದೆ: ಯುಎಸ್‌ಬಿ, ರೇಡಿಯೊದ ಕೆಲವು ಆಂಟೆನಾ, ಕೆಲವು ಮಾದರಿಗಳಲ್ಲಿ ಎರಡನೇ ಈಥರ್ನೆಟ್ ಪೋರ್ಟ್ ಕೂಡ. ಎರಡನೇ ಪೋರ್ಟ್‌ನ ದೀಪವೇ ಹೊತ್ತುತ್ತಿಲ್ಲವಾದರೆ ಲ್ಯಾಗ್ ಆಜ್ಞೆಗಳನ್ನು ತಿದ್ದುವ ಮೊದಲು ಎಪಿಯ ಪವರ್ ಸ್ಥಿತಿ ಓದಿ. ಸ್ವಿಚ್‌ನಲ್ಲಿ, ಜೋಡಿಸಿದ ಸಾಧನಗಳು ಪರಸ್ಪರ ಪರಿಚಯ ಹೇಳಿಕೊಳ್ಳುವ ಎಲ್‌ಎಲ್‌ಡಿಪಿ ಪ್ರೋಟೊಕಾಲ್ ಆಫ್ ಆಗಿದ್ದರೆ ಎಪಿ ಹೆಚ್ಚು ವಿದ್ಯುತ್ ಕೇಳಲು ದಾರಿ ಇಲ್ಲದೆ ಕಡಿಮೆಯಲ್ಲೇ ಕೂರಬಹುದು.

ಎರಡನೇ ಪೋರ್ಟ್‌ನಿಂದಲೂ ಪಿಒಇ ಪಡೆಯುವ ಎಪಿಗಳಿವೆ, ಪಡೆಯದವೂ ಇವೆ. ಯಾವುದು ಎಂದು ಡೇಟಾಶೀಟ್‌ನಲ್ಲಿ ಗುರುತು ಹಾಕಿಕೊಳ್ಳಿ, ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 4: ಎರಡೂ ತುದಿ ಮಾತಾಡುತ್ತಿವೆಯೇ?

ಸ್ವಿಚ್‌ನಲ್ಲಿ ಮೂರು ಮೋಡ್ ಕಾಣುತ್ತೀರಿ. ಆಕ್ಟಿವ್ ಎಂದರೆ ತಾನಾಗಿ ಮಾತು ಶುರು ಮಾಡುತ್ತದೆ. ಪ್ಯಾಸಿವ್ ಎಂದರೆ ಎದುರಿನವರು ಮಾತಾಡಿಸಿದರೆ ಮಾತ್ರ ಉತ್ತರ. ಆನ್ ಎಂದರೆ ಯಾರನ್ನೂ ಕೇಳದೆ ಕೂಡಿಸಿಬಿಡುವುದು, ಎಲ್‌ಎಸಿಪಿ ಅಲ್ಲಿ ಇಲ್ಲವೇ ಇಲ್ಲ. ಸಿಸ್ಕೊದಲ್ಲಿ ಕಾಣುವ ಡಿಸೈರಬಲ್, ಆಟೊ ಎಂಬವು ಪಿಎಜಿಪಿ ಎಂಬ ಸಿಸ್ಕೊದ ಸ್ವಂತ ಪ್ರೋಟೊಕಾಲ್‌ನವು. ಎಪಿಗೆ ಅವುಗಳ ಸಹವಾಸ ಬೇಡ.

ಎಪಿಗಳು ಸಾಮಾನ್ಯವಾಗಿ ಪ್ಯಾಸಿವ್ ಸ್ವಭಾವದವು. ಸ್ವಿಚ್ಚೂ ಪ್ಯಾಸಿವ್ ಆಗಿದ್ದರೆ ಇಬ್ಬರೂ ಎದುರಿನವರ ಮಾತಿಗೆ ಕಾಯುತ್ತಾ ಕೂರುತ್ತಾರೆ, ಲ್ಯಾಗ್ ಎಂದೂ ಆಗುವುದಿಲ್ಲ. ಸ್ವಿಚ್ ಯಾವಾಗಲೂ ಆಕ್ಟಿವ್ ಇರಲಿ.

"ಆನ್ ಹಾಕಿದರೆ ಸುಲಭವಲ್ಲವೇ" ಎಂದು ಕೇಳುತ್ತೀರಿ. ಸುಲಭ, ಅಪಾಯಕರ ಕೂಡ. ಎಪಿ ಇನ್ನೂ ಲ್ಯಾಗ್ ಮಾಡಿರದಿದ್ದರೂ ಸ್ವಿಚ್ ಮಾಡಿಬಿಟ್ಟಿರುತ್ತದೆ. ಅರ್ಧ ಪ್ಯಾಕೆಟ್‌ಗಳು ಎಪಿ ಕೇಳಿಸಿಕೊಳ್ಳದ ಪೋರ್ಟ್‌ಗೆ ಹೋಗಿ ಕಳೆದುಹೋಗುತ್ತವೆ. ಆಗ ಕೆಲವು ಫೋನ್‌ಗಳಿಗೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಹುಡುಕುವುದಕ್ಕೆ ಇದಕ್ಕಿಂತ ಕಷ್ಟದ ತೊಂದರೆ ಇನ್ನೊಂದಿಲ್ಲ.

ಸಿಸ್ಕೊ ಸ್ವಿಚ್‌ನಲ್ಲಿ "ಶೋ ಈಥರ್‌ಚಾನೆಲ್ ಸಮ್ಮರಿ" ಕೊಟ್ಟು, ಪ್ರತಿ ಪೋರ್ಟ್ ಮುಂದೆ ಕಂಸದಲ್ಲಿರುವ ಅಕ್ಷರ ನೋಡಿ. ಪಿ ಇದ್ದರೆ ಕೂಡಿದೆ. ಐ ಇದ್ದರೆ ಒಂಟಿಯಾಗಿ ಓಡುತ್ತಿದೆ. ಸಣ್ಣ ಎಸ್ ಇದ್ದರೆ ಅಮಾನತಾಗಿದೆ. ಡಿ ಇದ್ದರೆ ಲಿಂಕೇ ಬಿದ್ದಿದೆ, ಹಂತ 2ಕ್ಕೆ ವಾಪಸ್ ಹೋಗಿ. ದೊಡ್ಡ ಎಸ್ ಎಂದರೆ ಲೇಯರ್ 2 ಎಂದಷ್ಟೇ ಅರ್ಥ. ಸಣ್ಣದು ದೊಡ್ಡದರಲ್ಲಿ ಮೋಸಹೋಗಬೇಡಿ.

ಆಮೇಲೆ "ಶೋ ಎಲ್‌ಎಸಿಪಿ ಕೌಂಟರ್ಸ್". ಕಳಿಸಿದ ಸಂಖ್ಯೆ ಏರುತ್ತಿದ್ದು ಬಂದದ್ದು ಸೊನ್ನೆಯಾಗಿದ್ದರೆ ಎಪಿ ಬಾಯಿ ಬಿಟ್ಟಿಲ್ಲ. ಅದರಲ್ಲಿ ಎಲ್‌ಎಸಿಪಿ ಆನ್ ಆಗಿಲ್ಲ, ಅಥವಾ ಮಧ್ಯೆ ಯಾವುದೋ ಪೆಟ್ಟಿಗೆ ಕುಳಿತಿದೆ. ಎಲ್‌ಎಸಿಪಿ ಪ್ಯಾಕೆಟ್‌ಗಳು 01-80-ಸಿ2-00-00-02 ಎಂಬ ವಿಳಾಸಕ್ಕೆ ಹೋಗುತ್ತವೆ. ಮಾನದಂಡ ಪಾಲಿಸುವ ಯಾವ ಸ್ವಿಚ್ಚೂ ಇವನ್ನು ಮುಂದಕ್ಕೆ ದಾಟಿಸುವುದಿಲ್ಲ. ಫಾಲ್ಸ್ ಸೀಲಿಂಗ್ ಒಳಗೆ ಯಾರೋ ಇಟ್ಟುಹೋದ ಐದು ಪೋರ್ಟ್‌ನ ಪುಟ್ಟ ಸ್ವಿಚ್ ಇದ್ದರೆ ಅಲ್ಲೇ ಮಾತು ನಿಂತಿತು. ಪಿಒಇ ಇಂಜೆಕ್ಟರ್ ಆದರೆ ತೊಂದರೆ ಇಲ್ಲ, ಅದು ಡೇಟಾವನ್ನು ಮುಟ್ಟುವುದಿಲ್ಲ.

ಎರಡೂ ಸಂಖ್ಯೆ ಏರುತ್ತಿದ್ದು ಕೂಡುತ್ತಿಲ್ಲವಾದರೆ "ಶೋ ಎಲ್‌ಎಸಿಪಿ ನೇಬರ್" ನೋಡಿ. ಎರಡೂ ಪೋರ್ಟ್‌ನ ಎದುರು ಒಂದೇ ಸಿಸ್ಟಮ್ ಐಡಿ ಇರಬೇಕು. ಬೇರೆ ಬೇರೆ ಇದ್ದರೆ ಪ್ಯಾಚ್ ಪ್ಯಾನಲ್‌ನಲ್ಲಿ ಕೇಬಲ್ ಅದಲುಬದಲಾಗಿ ಪಕ್ಕದ ಕೋಣೆಯ ಎಪಿಗೆ ಹೋಗಿದೆ. ನಗಬೇಡಿ, ಇದು ನೀವಂದುಕೊಂಡದ್ದಕ್ಕಿಂತ ಹೆಚ್ಚು ಸಲ ಆಗುತ್ತದೆ.

ಹಂತ 5: ರೀಬೂಟ್ ಆದಾಗ ಎಪಿ ಕಾಣೆಯಾಗುತ್ತದೆಯೇ?

ಓದುಗರನ್ನು ಅತಿ ಹೆಚ್ಚು ಕಾಡುವುದು ಇದು. ಸಂಜೆ ಎಲ್ಲ ಸರಿಯಿತ್ತು, ರಾತ್ರಿ ಕರೆಂಟ್ ಹೋಗಿ ಬಂತು, ಬೆಳಿಗ್ಗೆ ಎಪಿ ಇಲ್ಲ.

ಆಗುವುದು ಹೀಗೆ. ಎಪಿ ಮೇಲೆದ್ದಿದೆ, ಇನ್ನೂ ಎಲ್‌ಎಸಿಪಿ ಮಾತಾಡುತ್ತಿಲ್ಲ, ಒಂದು ಪೋರ್ಟ್‌ನಿಂದ ಐಪಿ ಹಂಚುವ ಡಿಎಚ್‌ಸಿಪಿಗೆ ಕೈಚಾಚಿದೆ. ಸ್ವಿಚ್‌ಗೆ ಎಲ್‌ಎಸಿಪಿ ಉತ್ತರ ಸಿಗಲಿಲ್ಲ, ಆದ್ದರಿಂದ ಅದು ಪೋರ್ಟನ್ನು ಅಮಾನತು ಮಾಡಿದೆ. ಲಾಗ್‌ನಲ್ಲಿ "ಎದುರಿನ ಪೋರ್ಟ್‌ನಲ್ಲಿ ಎಲ್‌ಎಸಿಪಿ ಸದ್ಯ ಸಕ್ರಿಯವಾಗಿಲ್ಲ" ಎಂಬರ್ಥದ ಇಂಗ್ಲಿಷ್ ಸಾಲು ಕಾಣುತ್ತದೆ. ಪೋರ್ಟ್ ಅಮಾನತಾದ್ದರಿಂದ ಎಪಿಗೆ ಐಪಿ ಇಲ್ಲ. ಐಪಿ ಇಲ್ಲದ್ದರಿಂದ ಕಂಟ್ರೋಲರ್ ಇಲ್ಲ. ಕಂಟ್ರೋಲರ್ ಇಲ್ಲದ್ದರಿಂದ "ಲ್ಯಾಗ್ ಮಾಡು" ಎಂಬ ಆದೇಶವಿಲ್ಲ. ಆದೇಶವಿಲ್ಲದೆ ಎಲ್‌ಎಸಿಪಿ ಇಲ್ಲ. ಎಪಿ ಮತ್ತೆ ರೀಬೂಟ್ ಆಗುತ್ತದೆ, ಇದೇ ಸುತ್ತು ನಡೆಯುತ್ತಲೇ ಇರುತ್ತದೆ.

ಪರಿಹಾರ ಸ್ವಿಚ್‌ನಲ್ಲಿದೆ: ಎಲ್‌ಎಸಿಪಿ ಉತ್ತರ ಬಾರದಿದ್ದರೂ ಪೋರ್ಟನ್ನು ಸಾದಾ ಪೋರ್ಟ್‌ನಂತೆ ಬಿಟ್ಟುಕೊಡು ಎಂದು ಹೇಳಬೇಕು. ಒಬ್ಬೊಬ್ಬ ತಯಾರಕರು ಇದಕ್ಕೆ ಒಂದೊಂದು ಹೆಸರಿಟ್ಟಿದ್ದಾರೆ:

- ಸಿಸ್ಕೊ ಕ್ಯಾಟಲಿಸ್ಟ್‌ನಲ್ಲಿ, ಪೋರ್ಟ್-ಚಾನೆಲ್ ಒಳಗೆ "ನೋ ಪೋರ್ಟ್-ಚಾನೆಲ್ ಸ್ಟ್ಯಾಂಡ್‌ಅಲೋನ್-ಡಿಸೇಬಲ್"
- ಸಿಸ್ಕೊ ನೆಕ್ಸಸ್‌ನಲ್ಲಿ "ನೋ ಎಲ್‌ಎಸಿಪಿ ಸಸ್ಪೆಂಡ್-ಇಂಡಿವಿಜುವಲ್"
- ಅರುಬಾ ಸಿಎಕ್ಸ್ ಸ್ವಿಚ್‌ನಲ್ಲಿ "ಎಲ್‌ಎಸಿಪಿ ಫಾಲ್‌ಬ್ಯಾಕ್". ಅರಿಸ್ಟಾದಲ್ಲಿ "ಪೋರ್ಟ್-ಚಾನೆಲ್ ಎಲ್‌ಎಸಿಪಿ ಫಾಲ್‌ಬ್ಯಾಕ್"
- ಜುನಿಪರ್‌ನಲ್ಲಿ "ಫೋರ್ಸ್-ಅಪ್"
- ಎಚ್‌ಪಿಇ ಕಾಮ್‌ವೇರ್‌ನಲ್ಲಿ "ಎಲ್‌ಎಸಿಪಿ ಎಡ್ಜ್-ಪೋರ್ಟ್"

ಮೊದಲ ಸಲ ಜೋಡಿಸುವಾಗಲೂ ಕ್ರಮ ಮುಖ್ಯ. ಮೊದಲು ಒಂದೇ ಕೇಬಲ್‌ನಲ್ಲಿ ಎಪಿಯನ್ನು ಕಂಟ್ರೋಲರ್‌ಗೆ ಸೇರಿಸಿ, ಅಲ್ಲಿ ಲ್ಯಾಗ್ ಆನ್ ಮಾಡಿ. ನಂತರ ಸ್ವಿಚ್‌ನಲ್ಲಿ ಪೋರ್ಟ್-ಚಾನೆಲ್ ಕಟ್ಟಿ. ಎರಡನೇ ಕೇಬಲ್ ಎಲ್ಲಕ್ಕಿಂತ ಕೊನೆಗೆ. ಸಿಸ್ಕೊ 9800 ಕಂಟ್ರೋಲರ್‌ನಲ್ಲಿ "ಎಪಿ ಲ್ಯಾಗ್ ಸಪೋರ್ಟ್" ಎಂದು ಇಡೀ ಕಂಟ್ರೋಲರ್‌ಗೆ ಒಮ್ಮೆ, ಎಪಿ ಜಾಯಿನ್ ಪ್ರೊಫೈಲ್‌ನಲ್ಲಿ ಇನ್ನೊಮ್ಮೆ ಹೇಳಬೇಕು. ಒಂದು ಕಡೆ ಮಾತ್ರ ಹೇಳಿ, ಆಗಲಿಲ್ಲ ಎಂದು ಕೂರುವವರು ಬಹಳ.

ಹಂತ 6: ಸೆಟ್ಟಿಂಗ್ ಹೊಂದಾಣಿಕೆ

ಸದಸ್ಯ ಪೋರ್ಟ್‌ಗಳ ವಿಲ್ಯಾನ್ (ಒಂದೇ ಸ್ವಿಚ್ ಮೇಲಿನ ಬೇರೆ ಬೇರೆ ತಾರ್ಕಿಕ ಜಾಲ) ಪಟ್ಟಿ, ಗುರುತು ಹಚ್ಚದ ಪ್ಯಾಕೆಟ್ ಸೇರುವ ನೇಟಿವ್ ವಿಲ್ಯಾನ್, ಟ್ರಂಕ್ (ಹಲವು ವಿಲ್ಯಾನ್) ಅಥವಾ ಆಕ್ಸೆಸ್ (ಒಂದೇ ವಿಲ್ಯಾನ್) ಸ್ಥಿತಿ ಎಲ್ಲವೂ ಒಂದೇ ಇರಬೇಕು. ಕೂಡಿದ ಮೇಲೆ ಬದಲಾವಣೆಯನ್ನು ಪೋರ್ಟ್-ಚಾನೆಲ್ ಮೇಲೆಯೇ ಮಾಡಿ, ಒಳಗಿನ ಪೋರ್ಟ್ ಮೇಲೆ ಅಲ್ಲ. ಒಳಗಿನ ಒಂದು ಪೋರ್ಟ್‌ಗೆ ಮಾತ್ರ ಹೊಸ ವಿಲ್ಯಾನ್ ಸೇರಿಸಿದ ಕ್ಷಣವೇ ಅದು ಗುಂಪಿನಿಂದ ಹೊರಬೀಳುತ್ತದೆ.

802.1ಎಕ್ಸ್, ಅಂದರೆ ಪೋರ್ಟ್‌ಗೆ ಜೋಡಿಸಿದ ಸಾಧನದ ಗುರುತು ಕೇಳುವ ವ್ಯವಸ್ಥೆ, ಕ್ಯಾಟಲಿಸ್ಟ್‌ನ ಈಥರ್‌ಚಾನೆಲ್ ಪೋರ್ಟ್‌ಗಳಲ್ಲಿ ನಡೆಯುವುದಿಲ್ಲ. ಎಲ್ಲ ಪೋರ್ಟ್‌ಗೂ ಅದು ಕಡ್ಡಾಯ ಎಂಬ ನಿಯಮ ನಿಮ್ಮಲ್ಲಿದ್ದರೆ ಭದ್ರತಾ ತಂಡದವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಹಂತ 7: ಎರಡು ಕೇಬಲ್, ಎರಡು ಸ್ವಿಚ್

ಒಂದು ಸ್ವಿಚ್ ಹೋದರೂ ಇನ್ನೊಂದು ಇರಲಿ ಎಂದು ಎರಡು ಬೇರೆ ಸ್ವಿಚ್‌ಗೆ ಹಾಕುವ ಆಸೆ ಸಹಜ. ಆದರೆ ಎಪಿಯ ಕಣ್ಣಿಗೆ ಆ ಎರಡೂ ಒಂದೇ ಸ್ವಿಚ್ ಆಗಿ ಕಾಣಬೇಕು. ಎರಡನ್ನೂ ಜೋಡಿಸಿ ಒಂದೇ ಸ್ವಿಚ್‌ನಂತೆ ನಡೆಸುವ ಸ್ಟ್ಯಾಕ್ ಆಗಿದ್ದರೆ ಸರಿ; ಎರಡನ್ನು ಒಂದಾಗಿ ತೋರಿಸಲೆಂದೇ ಇರುವ ನೆಕ್ಸಸ್‌ನ ವಿಪಿಸಿ, ಅರುಬಾದ ವಿಎಸ್‌ಎಕ್ಸ್, ಅರಿಸ್ಟಾದ ಎಂಲ್ಯಾಗ್ ಇದ್ದರೂ ಸರಿ. ಸಾದಾ ಎರಡು ಸ್ವಿಚ್ ನಡುವೆ ಟ್ರಂಕ್ ಇದೆ ಎಂದ ಮಾತ್ರಕ್ಕೆ ಲ್ಯಾಗ್ ಆಗುವುದಿಲ್ಲ.

ಹಂತ 8: ಕೂಡಿದೆ, ಆದರೆ ಒಂದೇ ಕೇಬಲ್ ದುಡಿಯುತ್ತಿದೆ

ಲ್ಯಾಗ್ ಪ್ಯಾಕೆಟ್‌ಗಳನ್ನು ಇದಕ್ಕೊಂದು ಅದಕ್ಕೊಂದು ಎಂದು ಸರದಿಯಲ್ಲಿ ಹಂಚುವುದಿಲ್ಲ. ಹಾಗೆ ಹಂಚಿದರೆ ಪ್ಯಾಕೆಟ್‌ಗಳ ಕ್ರಮ ತಪ್ಪುತ್ತದೆ. ಅದರ ಬದಲು ಪ್ಯಾಕೆಟ್‌ನ ಕೆಲವು ವಿಳಾಸಗಳನ್ನು ತೆಗೆದುಕೊಂಡು ಒಂದು ಲೆಕ್ಕ ಹಾಕುತ್ತದೆ, ಇದೇ ಹ್ಯಾಶ್. ಉತ್ತರ ಏನು ಬಂತೋ ಆ ಕೇಬಲ್. ವಿಳಾಸಗಳು ಬದಲಾಗದಿದ್ದರೆ ಉತ್ತರವೂ ಬದಲಾಗುವುದಿಲ್ಲ, ಕೇಬಲ್ಲೂ ಬದಲಾಗುವುದಿಲ್ಲ. ಹಾಗಾಗಿ ಒಂದು ಡೌನ್‌ಲೋಡ್ ಎಂದಿಗೂ ಒಂದು ಕೇಬಲ್‌ನ ವೇಗ ಮೀರುವುದಿಲ್ಲ. ಲ್ಯಾಪ್‌ಟಾಪ್ ಒಂದರಲ್ಲಿ ಸ್ಪೀಡ್ ಟೆಸ್ಟ್ ಓಡಿಸಿ "ಲ್ಯಾಗ್ ಕೆಲಸ ಮಾಡುತ್ತಿಲ್ಲ" ಎನ್ನುವವರಿಗೆ ಉತ್ತರ ಇದು.

ಈಗ ಸ್ವಿಚ್ ಯಾವ ವಿಳಾಸ ಹಿಡಿದಿದೆ ನೋಡಿ. ಸಿಸ್ಕೊ 2960, 3750 ಥರದ ಸ್ವಿಚ್‌ಗಳು ಪೆಟ್ಟಿಗೆಯಿಂದ ಬರುವಾಗ ಮೂಲ ಮ್ಯಾಕ್ ವಿಳಾಸವನ್ನಷ್ಟೇ ನೋಡುತ್ತವೆ. ಇಂಟರ್ನೆಟ್‌ನಿಂದ ಎಪಿ ಕಡೆಗೆ ಬರುವ ಟ್ರಾಫಿಕ್‌ಗೆಲ್ಲ ಮೂಲ ಮ್ಯಾಕ್ ಒಂದೇ, ಜಾಲದ ಹೊರಬಾಗಿಲಾದ ನಿಮ್ಮ ಗೇಟ್‌ವೇಯದ್ದು. ಎಲ್ಲ ಡೌನ್‌ಲೋಡ್ ಒಂದೇ ಕೇಬಲ್‌ಗೆ ಬೀಳದೆ ಇನ್ನೇನಾದೀತು? "ಪೋರ್ಟ್-ಚಾನೆಲ್ ಲೋಡ್-ಬ್ಯಾಲೆನ್ಸ್ ಎಸ್‌ಆರ್‌ಸಿ-ಡಿಎಸ್‌ಟಿ-ಐಪಿ" ಎಂದು ಬದಲಿಸಿ. ಇದು ಇಡೀ ಸ್ವಿಚ್‌ಗೆ ಅನ್ವಯವಾಗುತ್ತದೆ, ಬೇರೆ ಪೋರ್ಟ್-ಚಾನೆಲ್‌ಗಳ ಮೇಲೂ ಪರಿಣಾಮ ಇದೆ ಎಂಬುದು ನೆನಪಿರಲಿ. ಎಪಿಯಿಂದ ಸ್ವಿಚ್ ಕಡೆಗಿನ ಹಂಚಿಕೆ ಎಪಿಯ ಲೆಕ್ಕ, ಸ್ವಿಚ್‌ನ ಆಜ್ಞೆ ಅದನ್ನು ಬದಲಿಸದು.

ಎಪಿ ತನ್ನ ಟ್ರಾಫಿಕ್ಕನ್ನು ಅಲ್ಲೇ ವಿಲ್ಯಾನ್‌ಗೆ ಬಿಡುವ ಜಾಲದಲ್ಲಿ ಇಷ್ಟು ಸಾಕು. ಟನೆಲ್ ಇದ್ದರೆ ಸಾಲದು. ಆಗ ನೂರು ಫೋನ್‌ಗಳ ಟ್ರಾಫಿಕ್ಕೂ ಕಂಟ್ರೋಲರ್ ಐಪಿಯಿಂದ ಎಪಿ ಐಪಿಗೆ ಹೋಗುವ ಒಂದೇ ಹರಿವು. ಸಿಸ್ಕೊದ ಕ್ಯಾಪ್‌ವ್ಯಾಪ್ ಟನೆಲ್‌ನಲ್ಲಿ ಡೇಟಾ ಯುಡಿಪಿ 5247ರಲ್ಲಿ, ನಿಯಂತ್ರಣ 5246ರಲ್ಲಿ. ಸ್ವಿಚ್‌ಗೆ ಒಳಗಿನ ವಿಳಾಸ ಕಾಣುವುದೇ ಇಲ್ಲ, ಹ್ಯಾಶ್ ಹೇಗೆ ತಿರುಗಿಸಿದರೂ ಡೇಟಾ ಒಂದೇ ಕಡೆ. ಅರುಬಾದವರು ಇದಕ್ಕೆ ಕಂಡುಕೊಂಡ ದಾರಿ ಸ್ಟ್ರೈಪಿಂಗ್ ಐಪಿ: ಕಂಟ್ರೋಲರ್‌ಗೆ ಬೇರೆಲ್ಲೂ ಬಳಸದ ಇನ್ನೊಂದು ಐಪಿ ಕೊಟ್ಟರೆ ಅರುಬಾ ಬಳಸುವ ಜಿಆರ್‌ಇ ಟನೆಲ್‌ಗಳು ಎರಡು ವಿಳಾಸಕ್ಕೆ ಹಂಚಿಕೆಯಾಗುತ್ತವೆ, ಸ್ವಿಚ್‌ನ ಹ್ಯಾಶ್‌ಗೆ ಎರಡು ಹರಿವು ಕಾಣುತ್ತದೆ. ನಿಮ್ಮ ಎಪಿಗೆ ಇಂಥ ಸೌಕರ್ಯ ಇಲ್ಲವಾದರೆ ಲ್ಯಾಗನ್ನು ಆಪತ್ತಿಗಾಗುವ ಎರಡನೇ ಕೇಬಲ್ ಎಂದಷ್ಟೇ ಎಣಿಸಿ, ವೇಗಕ್ಕೆ ಆಸೆಪಡಬೇಡಿ.

ಅಳೆಯುವಾಗ ಬೇರೆ ಬೇರೆ ಲ್ಯಾಪ್‌ಟಾಪ್‌ಗಳಿಂದ, ಎರಡೂ ರೇಡಿಯೊ ಮೇಲೆ ಒಟ್ಟಿಗೆ, ವೇಗ ಅಳೆಯುವ ಐಪರ್ಫ್3 ಓಡಿಸಿ, ಸ್ವಿಚ್‌ನ ಎರಡೂ ಪೋರ್ಟ್‌ನ ಕೌಂಟರ್ ಏರುತ್ತಿರುವುದನ್ನು ನೋಡಿ. ಎರಡೇ ಲ್ಯಾಪ್‌ಟಾಪ್ ಆದರೆ ಹ್ಯಾಶ್ ಎರಡನ್ನೂ ಒಂದೇ ಕೇಬಲ್‌ಗೆ ಹಾಕುವ ಸಾಧ್ಯತೆ ಇದ್ದೇ ಇದೆ. ಹೆಚ್ಚು ಸಾಧನಗಳಿದ್ದರೆ ಒಳ್ಳೆಯದು.

ಹಂತ 9: ಕೇಬಲ್ ಕಿತ್ತು ನೋಡಿ

ಪಿಂಗ್ ಓಡಿಸಿಟ್ಟು ಒಂದು ಕೇಬಲ್ ಕೀಳಿ, ವಾಪಸ್ ಹಾಕಿ, ಇನ್ನೊಂದನ್ನು ಕೀಳಿ. ಒಂದೆರಡು ಪಿಂಗ್ ಹೋದರೆ ಸಹಜ. ಎಪಿಯೇ ರೀಬೂಟ್ ಆದರೆ ಕಿತ್ತದ್ದು ಪಿಒಇ ಕೊಡುತ್ತಿದ್ದ ಕೇಬಲ್. ಹಂತ 3ರಲ್ಲಿ ಡೇಟಾಶೀಟ್‌ನಲ್ಲಿ ಹಾಕಿದ ಗುರುತು ನೋಡಿಕೊಳ್ಳಿ. ಎರಡನೇ ಪೋರ್ಟ್ ಪಿಒಇ ಪಡೆಯದ ಎಪಿಯಲ್ಲಿ ಲ್ಯಾಗ್ ನಿಮ್ಮನ್ನು ಅರ್ಧ ಮಾತ್ರ ಕಾಪಾಡುತ್ತದೆ.

ಒಂದೂವರೆ ನಿಮಿಷದಷ್ಟು ಹೊತ್ತು ಟ್ರಾಫಿಕ್ ನಿಂತು ಮತ್ತೆ ಬಂದರೆ ಅದು ಟೈಮರ್‌ನ ಕೆಲಸ. ಎಲ್‌ಎಸಿಪಿ ನಿಧಾನ ಮೋಡ್‌ನಲ್ಲಿ 30 ಸೆಕೆಂಡಿಗೊಮ್ಮೆ ಮಾತಾಡಿ, 90 ಸೆಕೆಂಡ್ ಉತ್ತರ ಬಾರದಿದ್ದರೆ ಕೈಬಿಡುತ್ತದೆ. ವೇಗದ ಮೋಡ್‌ನಲ್ಲಿ ಇದು 1 ಮತ್ತು 3 ಸೆಕೆಂಡ್. ಕೇಬಲ್ ನೇರ ಇದ್ದರೆ ಲಿಂಕ್ ಬಿದ್ದದ್ದು ತಕ್ಷಣ ತಿಳಿಯುತ್ತದೆ, ಟೈಮರ್‌ವರೆಗೆ ಮಾತು ಬರುವುದಿಲ್ಲ. ನಡುವೆ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರ್‌ಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಒಂದು ತುದಿ ಸತ್ತರೂ ಇನ್ನೊಂದರ ದೀಪ ಉರಿಯುತ್ತಲೇ ಇರಬಹುದು. ಅಂಥ ಕಡೆ ಮಾತ್ರ ವೇಗದ ಮೋಡ್ ಹಾಕಿ, ಎಪಿ ಅದನ್ನು ಒಪ್ಪುತ್ತದೆಯೇ ಎಂದು ಕೌಂಟರ್‌ನಲ್ಲಿ ಖಚಿತಪಡಿಸಿಕೊಂಡು.

ಕೊನೆಗೆ ಪಿಒಇಯನ್ನೇ ಸ್ವಿಚ್‌ನಿಂದ ಆರಿಸಿ ಹೊತ್ತಿಸಿ, ಎಪಿ ತಾನಾಗಿ ಎದ್ದು, ಕಂಟ್ರೋಲರ್ ಸೇರಿ, ಎರಡೂ ಪೋರ್ಟ್ ಮುಂದೆ ಪಿ ಬರುವವರೆಗೆ ಕಾಯಿರಿ. ಇಷ್ಟಾದ ಮೇಲೂ ಕೂಡದಿದ್ದರೆ ತಯಾರಕರ ಸಪೋರ್ಟ್‌ಗೆ ದೂರು ಕೊಡುವ ಹೊತ್ತು. ಸಮ್ಮರಿ, ಕೌಂಟರ್ಸ್, ನೇಬರ್ ಈ ಮೂರು ಆಜ್ಞೆಗಳ ಉತ್ತರ, ಎಪಿ ಬೂಟ್ ಆಗುವಾಗಿನ ಕನ್ಸೋಲ್ ಲಾಗ್, ಎರಡೂ ಕಡೆಯ ಸಾಫ್ಟ್‌ವೇರ್ ಆವೃತ್ತಿ, ಇಷ್ಟನ್ನು ಮೊದಲ ಪತ್ರದಲ್ಲೇ ಲಗತ್ತಿಸಿ. ಅವರು ಮೊದಲು ಕೇಳುವುದು ಇವನ್ನೇ.